ತಾರಸಿ ಬಿಟ್ಟು ಟೈಲ್ಸ್ ಬದಲಿಸಿದರೆ

ರಿಪೇರಿ ಮಾಡಿಸಬೇಕು, ಬೆಂಗಳೂರಿನ ಹಳೇ ಸರ್ಕಾರಿ ಕಚೇರಿ ನೋಡಿ ಅಂತ ಯಾರಾದರೂ ಕರೆದರೆ ನಾನು ಮೊದಲು ತಾರಸಿಗೆ ಹೋಗುತ್ತೇನೆ. ಸಾಹೇಬರ ಚೇಂಬರಿಗೆ ಆಮೇಲೆ. ತಾರಸಿಯ ಬೀಗದ ಕೈ ಯಾರ ಹತ್ತಿರ ಇದೆ ಅಂತ ಹುಡುಕುವುದೇ ಒಂದು ಕೆಲಸ. ಮೇಲೆ ಹೋದರೆ ಕಾಲು ಮುರಿದ ಕುರ್ಚಿಗಳು, ತುಕ್ಕು ಹಿಡಿದ ಬೀರು, ತುಂಬಿ ಸುರಿಯುವ ನೀರಿನ ಟ್ಯಾಂಕು. ಮಳೆನೀರು ಇಳಿಯಬೇಕಾದ ಪೈಪಿನ ಬಾಯಲ್ಲಿ ಅರಳಿ ಸಸಿ. ಕೆಳಗಿನ ಗೋಡೆ ಯಾಕೆ ಒದ್ದೆ ಅಂತ ಅಲ್ಲೇ ಗೊತ್ತಾಗುತ್ತದೆ.

ಸರ್ಕಾರಿ ಕಟ್ಟಡಗಳಿಗೆ ದುಡ್ಡೇ ಬರಲ್ಲ ಅನ್ನುವುದು ಪೂರ್ತಿ ನಿಜವಲ್ಲ. ಬರುತ್ತದೆ, ಹೊತ್ತು ತಪ್ಪಿ ಬರುತ್ತದೆ. ನಮ್ಮೂರಲ್ಲಿ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ. ಸೋರುವುದೂ ಆಗಲೇ. ಪತ್ರ ಓಡಾಡಿ, ಎಸ್ಟಿಮೇಟ್ ಆಗಿ, ಟೆಂಡರ್ ಮುಗಿಯುವಷ್ಟರಲ್ಲಿ ಜನವರಿ ಬಂದಿರುತ್ತದೆ. ಗೋಡೆ ಒಣಗಿ ಬರೀ ಕಲೆ ಉಳಿದಿರುತ್ತದೆ. ಮಾರ್ಚ್ 31ರೊಳಗೆ ಬಿಲ್ ಆಗದಿದ್ದರೆ ಅನುದಾನ ವಾಪಸ್. ಅಷ್ಟರಲ್ಲಿ ಮುಗಿಯುವ ಕೆಲಸ ಯಾವುದು ಹೇಳಿ? ಬಣ್ಣ, ಟೈಲ್ಸ್, ಫಾಲ್ಸ್ ಸೀಲಿಂಗ್. ಈ ಫಾಲ್ಸ್ ಸೀಲಿಂಗ್ ಮೇಲೆ ನನಗೆ ಸ್ವಲ್ಪ ಜಾಸ್ತಿನೇ ಸಿಟ್ಟು. ಸೋರಿಕೆ ನಿಲ್ಲಲ್ಲ, ಕಾಣದಂತಾಗುತ್ತದೆ ಅಷ್ಟೇ.

ಅದರ ಮೇಲೆ, ಕತ್ತಲಲ್ಲಿ, ನೀರು ನಿಧಾನಕ್ಕೆ ಕಾಂಕ್ರೀಟಿನೊಳಗಿನ ಕಂಬಿ ಮುಟ್ಟುತ್ತದೆ. ತುಕ್ಕಾದ ಕಬ್ಬಿಣಕ್ಕೆ ಮೊದಲಿಗಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಬೇಕು. ಒಳಗಿಂದಲೇ ನೂಕಿ ಕಾಂಕ್ರೀಟನ್ನು ಸೀಳುತ್ತದೆ, ಚಕ್ಕೆ ಚಕ್ಕೆಯಾಗಿ ಉದುರಿಸುತ್ತದೆ. ಉದುರಿದ ಕಡೆ ಸುಮ್ನೆ ಸಿಮೆಂಟು ಮೆತ್ತಿದರೆ ಎರಡು ಮಳೆಗಾಲ ತಡೆಯಬಹುದು. ಸರಿಯಾಗಿ ಮಾಡಬೇಕೆಂದರೆ ಕಂಬಿಯ ಹಿಂಬದಿ ಕಾಣುವ ತನಕ ಒಡೆಯಬೇಕು. ತುಕ್ಕು ಉಜ್ಜಬೇಕು, ಸವೆದಿದ್ದರೆ ಪಕ್ಕದಲ್ಲಿ ಹೊಸ ಕಂಬಿ ಕಟ್ಟಬೇಕು, ಆಮೇಲೆ ಪಾಲಿಮರ್ ಸೇರಿಸಿದ ಗಾರೆ ತುಂಬಬೇಕು. ಧೂಳು, ಸದ್ದು, ಕಚೇರಿಯನ್ನೇ ಖಾಲಿ ಮಾಡಿಸುವ ರಗಳೆ. ಇಷ್ಟೆಲ್ಲ ಆದ ಮೇಲೆ ಉದ್ಘಾಟನೆಗೆ ಬಂದವರಿಗೆ ತೋರಿಸಲು ಏನೂ ಇರಲ್ಲ.

ಇನ್ನೊಂದು ಚಾಳಿ, ತಾರಸಿ ಮೇಲಿನ ಹಳೇ ಕಾಂಕ್ರೀಟ್ ಪದರ ತೆಗೆಯದೆ ಅದರ ಮೇಲೇ ಇನ್ನೊಂದು ಹಾಕುವುದು. ಎರಡು ಇಂಚು ಕಾಂಕ್ರೀಟ್ ಅಂದರೆ ಒಂದು ಚದರ ಮೀಟರಿಗೆ ಸುಮಾರು 120 ಕೆಜಿ. ಹೀಗೆ ಮೂರು ಸಲ ರಿಪೇರಿ ಆದರೆ ಆ ಭಾರ ಹೊರಬೇಕಾದದ್ದು ತುಕ್ಕು ಹಿಡಿದ ಅದೇ ಕಂಬಿ ಅಲ್ವಾ?

ಇಲ್ಲಿ ಸಿಮೆಂಟ್ ಬಳಕೆಗೆ ಬರುವ ಮುಂಚಿನ ಕಟ್ಟಡಗಳ ಕತೆ ಬೇರೆ. ಈಗ ಹೈಕೋರ್ಟ್ ಇರುವ ಅಠಾರಾ ಕಚೇರಿ ಮುಗಿದದ್ದು 1868ರಲ್ಲಿ. 1980ರ ದಶಕದಲ್ಲಿ ಅದನ್ನು ಕೆಡವುವ ಮಾತು ಬಂದು, ವಿಷಯ ಕೋರ್ಟಿಗೂ ಹೋಗಿ, ಕೊನೆಗೆ ಕಟ್ಟಡ ಉಳಿಯಿತು. ಆ ಕಾಲದ ಇಟ್ಟಿಗೆ ಗೋಡೆಗೆ ಸುಣ್ಣದ ಗಾರೆ. ಗೋಡೆ ಹೀರಿಕೊಂಡ ತೇವ ಗಾರೆಯ ಮೂಲಕವೇ ಹೊರಗೆ ಹೋಗುತ್ತದೆ. ಗಟ್ಟಿಯಾಗಲಿ ಅಂತ ಅಂಥ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಇಟ್ಟಿಗೆ ಪುಡಿಯಾಗುತ್ತದೆ. ಸುಣ್ಣದ ಕೆಲಸ ಗೊತ್ತಿರುವ ಗಾರೆಯವರು ಈಗ ಕಡಿಮೆ, ಕೂಲಿಯೂ ಜಾಸ್ತಿ. ಆ ದರವನ್ನು ಎಸ್ಟಿಮೇಟಿನಲ್ಲಿ ಮೊದಲೇ ಹಿಡಿಯದಿದ್ದರೆ ಗುತ್ತಿಗೆದಾರ ಸಿಮೆಂಟ್ ಚೀಲವನ್ನೇ ತರುತ್ತಾನೆ.

ವೈರಿಂಗ್ ಬಗ್ಗೆ ಒಂದೇ ಮಾತು. ಫ್ಯಾನು, ಟ್ಯೂಬ್‌ಲೈಟಿಗೆ ಎಳೆದ ತಂತಿಗೆ ಎಸಿ, ಕಂಪ್ಯೂಟರ್, ಜೆರಾಕ್ಸ್ ಮೆಷಿನ್ ಎಲ್ಲ ಸಿಕ್ಕಿಸಿ ಅದನ್ನು ಆಧುನೀಕರಣ ಅನ್ನಬೇಡಿ.

ಕೇಳಿದ ಎಂಜಿನಿಯರುಗಳಿಗೆ ನಾನು ಹೇಳುವುದಿಷ್ಟು. ಸ್ಥಳ ಪರಿಶೀಲನೆಯನ್ನು ಮಳೆ ಬರುವಾಗಲೇ ಮಾಡಿ, ಫೋಟೊ ಇಟ್ಟುಕೊಳ್ಳಿ. ದುಡ್ಡು ಕಡಿಮೆ ಇದ್ದರೆ ಬಣ್ಣ ಬಿಡಿ, ತಾರಸಿ ಮತ್ತು ಪೈಪು ಮುಗಿಸಿ. ಕೆಲಸ ಕೆಟ್ಟರೆ ಗುತ್ತಿಗೆದಾರನೇ ಸರಿಮಾಡಿಕೊಡಬೇಕಾದ ಅವಧಿಯಲ್ಲಿ ಪೂರ್ತಿ ಒಂದು ಮಳೆಗಾಲವಾದರೂ ಬರಲಿ. ಕೊನೇ ಬಿಲ್ಲಿಗೆ ಮುಂಚೆ ತಾರಸಿಗೆ ಸುತ್ತ ಕಟ್ಟೆ ಕಟ್ಟಿ, 48 ಗಂಟೆ ನೀರು ನಿಲ್ಲಿಸಿ, ಕೆಳಗಿನ ಕೋಣೆಯಿಂದ ನೋಡಿ. ಟ್ಯಾಂಕರ್ ನೀರಿನ ಖರ್ಚನ್ನೂ ಎಸ್ಟಿಮೇಟಿಗೆ ಸೇರಿಸಿ. ಇಲ್ಲದಿದ್ದರೆ ಬೆಂಗಳೂರಿನ ಮಾರ್ಚ್ ತಿಂಗಳಲ್ಲಿ ನೀರಿಲ್ಲ ಅಂತ ಹೇಳಿ ಆ ಪರೀಕ್ಷೆಯನ್ನೇ ಬಿಟ್ಟುಬಿಡುತ್ತಾರೆ.