ಮೈಕ್ರೋ ಮಿಲಿ ಆದಾಗ: ಪಿಡಿಎಫ್ ಗ್ರಾಫಿನಲ್ಲಿ ಚಿಹ್ನೆಗಳು ಎಲ್ಲಿ ಹೋಗುತ್ತವೆ?

"ಸರ್, ಗ್ರಾಫಿನಲ್ಲಿ ಚುಕ್ಕೆಗಳೇ ಇಲ್ಲ!" ಅಂತ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ತೆರೆದ ಲ್ಯಾಪ್‌ಟಾಪ್ ಹಿಡಿದುಕೊಂಡೇ ಒಳಗೆ ಬಂದರು. ನೋಡಿದೆ. ಅಕ್ಷಗಳಿದ್ದವು, ಅಂಕಿಗಳಿದ್ದವು, ನಡುವೆ ಓರೆಯಾಗಿ ಹೋದ ಗೆರೆಯೂ ಇತ್ತು. ನೂರಾರು ಚುಕ್ಕೆಗಳು ಇರಬೇಕಾದ ಕಡೆ ಮಾತ್ರ ಬರೀ ಬಿಳಿ. ಎರಡು ದಿನದಿಂದ ಅವರು ಡೇಟಾ ಫೈಲನ್ನೇ ತಡಕಾಡುತ್ತಿದ್ದರಂತೆ. ಸ್ಕ್ರಿಪ್ಟನ್ನು ಮೂರು ಸಲ ತಿದ್ದಿ ಬರೆದಿದ್ದರು. ಪರದೆ ಮೇಲೆ ಬರೆಸಿದರೆ ಚುಕ್ಕೆ ಬರುತ್ತವೆ, ಪಿಎನ್‌ಜಿ ಮಾಡಿದರೂ ಬರುತ್ತವೆ. ಪಿಡಿಎಫ್ ಮಾಡಿ ಲಿನಕ್ಸ್‌ನಲ್ಲಿ ತೆರೆದರೆ ಮಾತ್ರ ಇಲ್ಲ.

ನನ್ನ ಕಣ್ಣು ಚುಕ್ಕೆಗಳಿಗಿಂತ ಜಾಸ್ತಿ ಹೊತ್ತು ನಿಂತದ್ದು ಎಡಗಡೆಯ ಅಕ್ಷದ ಹೆಸರಿನ ಮೇಲೆ. "ಇದು ಮಿಲಿಗ್ರಾಮಲ್ಲಿ ಅಳೆದಿದ್ದಾ?" ಅಂತ ಕೇಳಿದೆ. "ಇಲ್ಲ ಸರ್, ಮೈಕ್ರೋಗ್ರಾಂ" ಅಂದವರು ಬಗ್ಗಿ ನೋಡಿ ಸುಮ್ಮನಾಗಿಬಿಟ್ಟರು. ಮೈಕ್ರೋ ಸೂಚಿಸುವ ಗ್ರೀಕ್ ಅಕ್ಷರ ಮ್ಯೂ ಇರಬೇಕಾದ ಜಾಗದಲ್ಲಿ ಇಂಗ್ಲಿಷಿನ ಎಮ್ ಕೂತಿತ್ತು. ಸಾವಿರ ಪಟ್ಟು ವ್ಯತ್ಯಾಸ. ಚುಕ್ಕೆ ಮಾಯವಾದರೆ ಯಾರಾದರೂ ಕೇಳುತ್ತಾರೆ. ಮೈಕ್ರೋ ಹೋಗಿ ಮಿಲಿ ಬಂದರೆ ಯಾರಿಗೂ ಗೊತ್ತೇ ಆಗುವುದಿಲ್ಲ. ಅದಕ್ಕೇ ಈ ತೊಂದರೆಯನ್ನು ನಾನು ಬರೀ ಅಂದ-ಚೆಂದದ ವಿಷಯ ಅಂತ ನೋಡುವುದಿಲ್ಲ.

ಎರಡಕ್ಕೂ ಕಾರಣ ಒಂದೇ. ಪಿಡಿಎಫ್ ಒಳಗೆ ಫಾಂಟ್ ಇರಲಿಲ್ಲ.

1993ರಲ್ಲಿ ಅಡೋಬಿ ಪಿಡಿಎಫ್ ತಂದಾಗ ಫೈಲುಗಳು ಚಿಕ್ಕದಾಗಿರುವುದು ಮುಖ್ಯವಾಗಿತ್ತು. ಹಾಗಾಗಿ 14 ಫಾಂಟುಗಳಿಗೆ ಒಂದು ವಿನಾಯಿತಿ ಕೊಟ್ಟರು. ಹೆಲ್ವೆಟಿಕಾದ ನಾಲ್ಕು, ಟೈಮ್ಸ್‌ನ ನಾಲ್ಕು, ಕೊರಿಯರ್‌ನ ನಾಲ್ಕು, ಜೊತೆಗೆ ಚಿಹ್ನೆಗಳಷ್ಟೇ ಇರುವ ಸಿಂಬಲ್ ಮತ್ತು ಜ್ಯಾಫ್ ಡಿಂಗ್‌ಬ್ಯಾಟ್ಸ್. ಇವನ್ನು ಫೈಲಿನೊಳಗೆ ತುಂಬಬೇಕಾಗಿಲ್ಲ, ಹೆಸರು ಬರೆದರೆ ಸಾಕು, ತೆರೆಯುವ ತಂತ್ರಾಂಶದ ಹತ್ತಿರ ಅವು ಇದ್ದೇ ಇರುತ್ತವೆ ಅನ್ನುವ ಒಪ್ಪಂದ. ಅಡೋಬಿಯ ರೀಡರ್ ಸಿಂಬಲ್ ಮತ್ತು ಡಿಂಗ್‌ಬ್ಯಾಟ್ಸ್‌ಗೆ ಬೇಕಾದ್ದನ್ನು ತಾನೇ ಹೊತ್ತು ತರುತ್ತದೆ. ಲಿನಕ್ಸ್‌ನಲ್ಲಿ ಎವಿನ್ಸ್, ಓಕ್ಯುಲರ್ ಥರದ ವೀಕ್ಷಕಗಳು ಪಾಪ್ಲರ್ ಅನ್ನುವ ಲೈಬ್ರರಿಯನ್ನು ನಂಬಿವೆ. ಪಾಪ್ಲರ್ ಹೋಗಿ, ಯಂತ್ರದಲ್ಲಿರುವ ಫಾಂಟುಗಳನ್ನು ಹುಡುಕಿಕೊಡುವ ಫಾಂಟ್‌ಕಾನ್ಫಿಗ್‌ನನ್ನು ಕೇಳುತ್ತದೆ: "ಈ ಹೆಸರಿನ ಫಾಂಟ್ ಇದೆಯಾ?" ಫಾಂಟ್‌ಕಾನ್ಫಿಗ್ ಯಾವತ್ತೂ "ಇಲ್ಲ" ಅನ್ನುವುದಿಲ್ಲ. ಹತ್ತಿರದ್ದು ಅಂತ ಅದಕ್ಕೆ ಅನಿಸಿದ್ದನ್ನು ಕೈಗೆ ಕೊಡುತ್ತದೆ. ಹೆಲ್ವೆಟಿಕಾ ಬದಲು ಬೇರೆ ಅಕ್ಷರಶೈಲಿ ಬಂದರೆ ಓದಲು ಅಡ್ಡಿಯಿಲ್ಲ. ಚಿಹ್ನೆಗಳ ಫಾಂಟಿನ ಬದಲು ಮಾಮೂಲಿ ಅಕ್ಷರಗಳ ಫಾಂಟ್ ಬಂದರೆ ಕೆಲಸ ಕೆಟ್ಟಿತು.

ಯಾಕೆ ಅಂತ ಹತ್ತಿರದಿಂದ ನೋಡಿ. ಫೈಲಿನೊಳಗೆ ಮ್ಯೂ ಅನ್ನುವ ಚಿತ್ರ ಇರುವುದಿಲ್ಲ. "ಸಿಂಬಲ್ ಫಾಂಟಿನ 109ನೇ ಅಕ್ಷರ ಹಾಕು" ಅನ್ನುವ ಸೂಚನೆ ಇರುತ್ತದೆ. ಸಿಂಬಲ್‌ನಲ್ಲಿ 109 ಅಂದರೆ ಮ್ಯೂ. ಮಾಮೂಲಿ ಇಂಗ್ಲಿಷ್ ಫಾಂಟಿನಲ್ಲಿ 109 ಅಂದರೆ ಸಣ್ಣ ಎಮ್. ಹಾಗೆಯೇ 97 ಇಲ್ಲಿ ಆಲ್ಫಾ, ಅಲ್ಲಿ ಎ. 115 ಇಲ್ಲಿ ಸಿಗ್ಮಾ, ಅಲ್ಲಿ ಎಸ್. ನಂಬರು ಸರಿಯಾಗಿಯೇ ತಲುಪಿತು, ಓದುವ ಪಟ್ಟಿ ಮಾತ್ರ ಬೇರೆಯಾಯಿತು.

ಅದೆಲ್ಲ ಸರಿ, ಚುಕ್ಕೆಗೂ ಫಾಂಟಿಗೂ ಏನು ಸಂಬಂಧ? ನಾವು ಅಂದುಕೊಳ್ಳುವುದು ಗ್ರಾಫಿನ ಚುಕ್ಕೆ ಅಂದರೆ ಒಂದು ಪುಟ್ಟ ವೃತ್ತದ ಚಿತ್ರ ಅಂತ, ಅಲ್ವಾ? ಆ ವಿದ್ಯಾರ್ಥಿನಿ ಬಳಸಿದ್ದು ಅಂಕಿ-ಅಂಶಗಳ ಕೆಲಸಕ್ಕಿರುವ ಆರ್ ಭಾಷೆ. ಅದರ ಪಿಡಿಎಫ್ ಸಾಧನ, ಅಂದರೆ ಗ್ರಾಫನ್ನು ಪಿಡಿಎಫ್ ಆಗಿ ಬರೆಯುವ ಭಾಗ, ಬಹಳ ಕಾಲ ಹಾಗೆ ಮಾಡುತ್ತಿರಲಿಲ್ಲ. ಪಿಡಿಎಫ್‌ನಲ್ಲಿ ವೃತ್ತ ಬರೆಯುವ ಆದೇಶವೇ ಇಲ್ಲ. ನಾಲ್ಕು ಬೆಜಿಯೇ ವಕ್ರರೇಖೆ ಜೋಡಿಸಿ ವೃತ್ತ ಮಾಡಬೇಕು. ಸಾವಿರಾರು ಚುಕ್ಕೆಗಳಿದ್ದರೆ ಫೈಲು ಊದಿಕೊಳ್ಳುತ್ತದೆ. ಅದರ ಬದಲು ಡಿಂಗ್‌ಬ್ಯಾಟ್ಸ್ ಫಾಂಟಿನ 108ನೇ ಅಕ್ಷರ ತುಂಬಿದ ದುಂಡು ಚುಕ್ಕೆ. ಅದನ್ನೇ ಅಕ್ಷರದಂತೆ ಅಚ್ಚೊತ್ತಿದರೆ ಫೈಲು ಚಿಕ್ಕದು, ವೃತ್ತವೂ ಅಂದ. ಒಳ್ಳೆ ಉಪಾಯವೇ. ಆದರೆ ಡಿಂಗ್‌ಬ್ಯಾಟ್ಸ್ ಇಲ್ಲದ ಕಡೆ ಆ ಚುಕ್ಕೆಗಳು ಮಾಯವಾಗುತ್ತವೆ, ಇಲ್ಲವೇ ಕ್ಯೂ ಅಕ್ಷರವಾಗಿ, ಚೌಕಟ್ಟಾಗಿ ಕಾಣುತ್ತವೆ. ತಿದ್ದಲು ಅಂತ ಇಂಕ್‌ಸ್ಕೇಪ್ ಅನ್ನುವ ಚಿತ್ರ ತಂತ್ರಾಂಶದಲ್ಲಿ ತೆರೆದವರಿಗೂ ಇದೇ ಅನುಭವ.

ಇಲ್ಲಿ ಇನ್ನೊಂದು ವಿಚಿತ್ರ ಇದೆ. ಆ ವಿದ್ಯಾರ್ಥಿನಿಯನ್ನು ನಿಜವಾಗಿ ದಾರಿ ತಪ್ಪಿಸಿದ್ದು ಅದೇ. ಅವರದೇ ಇನ್ನೊಂದು ಗ್ರಾಫಿನಲ್ಲಿ ಚುಕ್ಕೆಗಳು ಸರಿಯಾಗಿ ಕಾಣುತ್ತಿದ್ದವು. ಅಲ್ಲಿ ಬಣ್ಣವನ್ನು ಅರೆ ಪಾರದರ್ಶಕ ಮಾಡಿದ್ದರು. ಪಾರದರ್ಶಕ ಚುಕ್ಕೆಗಳನ್ನು ಆರ್ ಫಾಂಟಿನಿಂದ ತರುವುದಿಲ್ಲ, ವಕ್ರರೇಖೆಯಿಂದಲೇ ಬರೆಯುತ್ತದೆ. ತೀರಾ ದೊಡ್ಡ ಚುಕ್ಕೆಗಳನ್ನೂ ಹಾಗೆಯೇ. ಹಾಗಾಗಿ ಒಂದೇ ಸ್ಕ್ರಿಪ್ಟಿನ ಒಂದು ಗ್ರಾಫ್ ಸರಿ, ಇನ್ನೊಂದು ಖಾಲಿ. ಡೇಟಾ ಮೇಲೆ ಅನುಮಾನ ಬರದೆ ಇರುತ್ತದೆಯೇ?

2021ರಲ್ಲಿ ಬಂದ ಆರ್ 4.1.0ರಿಂದ ಈ ಡಿಂಗ್‌ಬ್ಯಾಟ್ಸ್ ಉಪಾಯ ತಾನಾಗಿ ನಡೆಯುವುದಿಲ್ಲ. ಬೇಕಾದರೆ ನಾವೇ ಕೇಳಬೇಕು. ಆದರೆ ಎಷ್ಟೋ ಸರ್ವರ್‌ಗಳಲ್ಲಿ ಹಳೇ ಆವೃತ್ತಿ ಇನ್ನೂ ಓಡುತ್ತಿದೆ. ಹಳೇ ಪಿಡಿಎಫ್‌ಗಳಂತೂ ಹಾಗೇ ಉಳಿದಿವೆ. ಅಲ್ಲದೆ ಮ್ಯೂ, ಆಲ್ಫಾಗಳನ್ನು ಗಣಿತದ ಅಭಿವ್ಯಕ್ತಿಯಾಗಿ ಬರೆದರೆ ಅವು ಇಂದಿಗೂ ಸಿಂಬಲ್ ಫಾಂಟಿನಿಂದಲೇ ಬರುತ್ತವೆ.

ಈಗ ಪತ್ತೆ ಹಚ್ಚುವ ಕೆಲಸ. ನನ್ನ ಮೊದಲ ಹೆಜ್ಜೆ ತುಂಬಾ ಸರಳ. ಅದೇ ಫೈಲನ್ನು ಬ್ರೌಸರ್‌ನಲ್ಲಿ ತೆರೆಯುತ್ತೇನೆ. ಕ್ರೋಮ್ ಮತ್ತು ಫೈರ್‌ಫಾಕ್ಸ್ ಈ ಚಿಹ್ನೆಗಳಿಗೆ ತಮ್ಮದೇ ಬದಲಿ ಫಾಂಟುಗಳನ್ನು ಇಟ್ಟುಕೊಂಡಿವೆ. ಮ್ಯೂಪಿಡಿಎಫ್ ಅನ್ನುವ ವೀಕ್ಷಕ ಕೂಡ ಅಷ್ಟೇ. ಅಲ್ಲಿ ಚುಕ್ಕೆ ಕಂಡು ಎವಿನ್ಸ್‌ನಲ್ಲಿ ಕಾಣದಿದ್ದರೆ ಡೇಟಾ, ಸ್ಕ್ರಿಪ್ಟ್ ಎರಡೂ ನಿರಪರಾಧಿ. ಎರಡು ದಿನದ ಪರದಾಟ ಒಂದು ನಿಮಿಷದಲ್ಲಿ ಮುಗಿಯುತ್ತದೆ.

ಆಮೇಲೆ ಟರ್ಮಿನಲ್. ಪಾಪ್ಲರ್ ಉಪಕರಣಗಳ ಪ್ಯಾಕೇಜಿನಲ್ಲಿ ಪಿಡಿಎಫ್‌ಫಾಂಟ್ಸ್ ಅನ್ನುವ ಪುಟ್ಟ ಕಮ್ಯಾಂಡ್ ಇದೆ. ಅದರ ಮುಂದೆ ಫೈಲಿನ ಹೆಸರು ಕೊಡಿ. ಫೈಲಿನಲ್ಲಿರುವ ಒಂದೊಂದು ಫಾಂಟಿಗೂ ಒಂದೊಂದು ಸಾಲು ಬರುತ್ತದೆ. ಹೆಸರು, ಬಗೆ, ಎನ್‌ಕೋಡಿಂಗ್ (ಯಾವ ನಂಬರಿಗೆ ಯಾವ ಅಕ್ಷರ ಅನ್ನುವ ಪಟ್ಟಿ), ಅದಾದ ಮೇಲೆ ಹೌದು-ಇಲ್ಲ ಹೇಳುವ ಮೂರು ಕಿರು ಕಾಲಮ್ಮುಗಳು. ಆ ಮೂರರಲ್ಲಿ ಮೊದಲನೆಯದು ಎಂಬ್, ಅಂದರೆ ಫಾಂಟ್ ಒಳಗೆ ತುಂಬಿದೆಯೋ ಇಲ್ಲವೋ. ನಾನು ಮೊದಲು ನೋಡುವುದು ಅದನ್ನೇ. ಆ ದಿನ ಮೂರು ಸಾಲು ಬಂದವು: ಹೆಲ್ವೆಟಿಕಾ, ಸಿಂಬಲ್, ಜ್ಯಾಫ್ ಡಿಂಗ್‌ಬ್ಯಾಟ್ಸ್. ಮೂರಕ್ಕೂ ಎಂಬ್ ಕಾಲಮ್ಮಿನಲ್ಲಿ "ನೋ". ಅದೇ ಕಮ್ಯಾಂಡಿಗೆ ಸಬ್‌ಸ್ಟ್ ಅನ್ನುವ ಆಯ್ಕೆ ಸೇರಿಸಿದರೆ ನಿಮ್ಮ ಯಂತ್ರ ಯಾವುದರ ಬದಲು ಯಾವುದನ್ನು ಹಾಕುತ್ತಿದೆ ಅಂತ ಫೈಲಿನ ದಾರಿಯ ಸಮೇತ ಹೇಳುತ್ತದೆ. ಅವರ ಲ್ಯಾಪ್‌ಟಾಪಿನಲ್ಲಿ ಸಿಂಬಲ್ ಬದಲು ಒಂದು ಮಾಮೂಲಿ ಅಕ್ಷರಗಳ ಫಾಂಟ್ ಬಂದಿತ್ತು. ಇಷ್ಟು ಕಂಡ ಮೇಲೆ ಊಹೆಗೆ ಜಾಗವೇ ಇಲ್ಲ. ಪಿಡಿಎಫ್ ಕೈಯಲ್ಲಿ ಇಲ್ಲದಿದ್ದರೂ ಎಫ್‌ಸಿ-ಮ್ಯಾಚ್ ಕಮ್ಯಾಂಡಿಗೆ ಫಾಂಟಿನ ಹೆಸರು ಕೊಟ್ಟು ಇದೇ ಪ್ರಶ್ನೆ ಕೇಳಬಹುದು.

ನಿಮ್ಮ ಯಂತ್ರದಲ್ಲಿ ಸರಿಯಾಗಿ ಕಾಣಬೇಕು ಅಷ್ಟೇ ಅಂದರೆ ಔಷಧ ಸುಲಭ. ಯುಆರ್‌ಡಬ್ಲ್ಯೂ ಸಂಸ್ಥೆಯ ಬೇಸ್35 ಫಾಂಟುಗಳ ಪ್ಯಾಕೇಜನ್ನು ಹಾಕಿಕೊಳ್ಳಿ. ಅದರಲ್ಲಿ ಡಿಂಗ್‌ಬ್ಯಾಟ್ಸ್‌ಗೆ ಬದಲಿಯಾಗಿ ಡಿ050000ಎಲ್, ಸಿಂಬಲ್‌ಗೆ ಬದಲಿಯಾಗಿ ಸ್ಟ್ಯಾಂಡರ್ಡ್ ಸಿಂಬಲ್ಸ್ ಪಿಎಸ್ ಅನ್ನುವ ಫಾಂಟುಗಳಿವೆ. ಫಾಂಟುಗಳ ಪಟ್ಟಿ ಹೊಸದಾಗಲು ಎಫ್‌ಸಿ-ಕ್ಯಾಶ್ ಕಮ್ಯಾಂಡ್ ಓಡಿಸಿ, ವೀಕ್ಷಕವನ್ನು ಮುಚ್ಚಿ ಮತ್ತೆ ತೆರೆಯಿರಿ. ಆಗಲೂ ತಪ್ಪು ಫಾಂಟೇ ಬಂದರೆ ಫಾಂಟ್‌ಕಾನ್ಫಿಗ್‌ನ ನಿಮ್ಮ ಸ್ವಂತ ಸೆಟ್ಟಿಂಗ್ ಫೈಲಿನಲ್ಲಿ "ಇದನ್ನು ಕೇಳಿದರೆ ಅದನ್ನು ಕೊಡು" ಅಂತ ಒಂದು ಅಲಿಯಾಸ್ ಬರೆಯಬಹುದು.

ಆದರೆ ಇಲ್ಲಿಗೇ ನಿಲ್ಲಿಸುವವರನ್ನು ಕಂಡರೆ ನನಗೆ ಆತಂಕ ಆಗುತ್ತದೆ. ನಿಮ್ಮ ಕಣ್ಣಿಗೆ ಸರಿಯಾಯಿತು, ನಿಜ. ಆ ಫೈಲನ್ನು ತೆರೆಯುವ ಉಳಿದವರ ಯಂತ್ರಗಳಿಗೆ ಹೋಗಿ ನೀವು ಪ್ಯಾಕೇಜ್ ಹಾಕಿ ಬರಲು ಆಗುತ್ತದೆಯೇ? ಈಗ ನಿಮಗೆ ತಪ್ಪು ಕಾಣುವುದೂ ನಿಂತುಹೋಯಿತು. ಅದು ಮೊದಲಿಗಿಂತ ಅಪಾಯ. ಸರಿಪಡಿಸಬೇಕಾದದ್ದು ಫೈಲು ಹುಟ್ಟುವ ಜಾಗದಲ್ಲಿ.

ಆರ್ ಬಳಸುವವರಿಗೆ ಮೂರು ದಾರಿ ಇವೆ. ಹಳೇ ಆವೃತ್ತಿಯಾದರೆ ಯೂಸ್‌ಡಿಂಗ್‌ಬ್ಯಾಟ್ಸ್ ಅನ್ನುವ ಆಯ್ಕೆಯನ್ನು ಫಾಲ್ಸ್ ಮಾಡಿ. ಚುಕ್ಕೆಗಳು ನಿಜವಾದ ವೃತ್ತಗಳಾಗುತ್ತವೆ. ಇದರಿಂದ ಸಿಂಬಲ್ ತೊಂದರೆ ಹೋಗುವುದಿಲ್ಲ, ನೆನಪಿರಲಿ. ಎರಡನೆಯದು, ಮಾಮೂಲಿ ಪಿಡಿಎಫ್ ಸಾಧನದ ಬದಲು ಆರ್‌ನಲ್ಲೇ ಇರುವ ಕೈರೋ ಪಿಡಿಎಫ್ ಸಾಧನ. ಬಳಸಿದ ಅಕ್ಷರಗಳಷ್ಟನ್ನೇ ಕತ್ತರಿಸಿ ಫೈಲಿನೊಳಗೆ ತುಂಬುತ್ತದೆ. ನಾನು ಸಾಮಾನ್ಯವಾಗಿ ಹೇಳುವುದು ಇದನ್ನೇ. ಒಂದು ಎಚ್ಚರಿಕೆ ಮಾತ್ರ ಇದೆ. ಕೈರೋ ಫಾಂಟನ್ನು ಎತ್ತಿಕೊಳ್ಳುವುದು ಗ್ರಾಫ್ ಮಾಡುವ ಯಂತ್ರದಿಂದ. ಅಲ್ಲೇ ಸರಿಯಾದ ಸಿಂಬಲ್ ಫಾಂಟ್ ಇಲ್ಲದಿದ್ದರೆ ತಪ್ಪು ಫೈಲಿನೊಳಗೇ ಅಚ್ಚಾಗಿಬಿಡುತ್ತದೆ. ಆಮೇಲೆ ಯಾವ ವೀಕ್ಷಕದಲ್ಲೂ ಸರಿ ಕಾಣುವುದಿಲ್ಲ. ಕೈರೋ ಜೊತೆ ಅಕ್ಷರ ಜೋಡಿಸುವ ಲೈಬ್ರರಿ ಪ್ಯಾಂಗೊ. 2019ರಲ್ಲಿ ಅದರ 1.44 ಆವೃತ್ತಿ ಬಂದಾಗ ಟೈಪ್ 1 ಅನ್ನುವ ಹಳೇ ಬಗೆಯ ಫಾಂಟುಗಳಿಗೆ ಬೆಂಬಲ ನಿಲ್ಲಿಸಿದರು. ನಿನ್ನೆವರೆಗೆ ಬರುತ್ತಿದ್ದ ಗ್ರೀಕ್ ಅಕ್ಷರಗಳು ಅಪ್‌ಡೇಟ್ ಆದ ಮಾರನೇ ದಿನ ಚೌಕಟ್ಟಾದವು ಅನ್ನುವ ದೂರುಗಳಿಗೆ ಇದೂ ಒಂದು ಕಾರಣ. ಅಂಥ ಕಡೆ ಅದೇ ಫಾಂಟಿನ ಓಪನ್‌ಟೈಪ್ ರೂಪ ಹಾಕಿಕೊಂಡರೆ ಸರಿಹೋಗುತ್ತದೆ.

ಮೂರನೆಯದು, ಆಗಲೇ ಮಾಡಿಟ್ಟ ಫೈಲುಗಳಿಗೆ. ಆರ್‌ನ ಎಂಬೆಡ್‌ಫಾಂಟ್ಸ್ ಅನ್ನುವ ಆದೇಶ ಅವುಗಳೊಳಗೆ ಫಾಂಟ್ ತುಂಬಿಸುತ್ತದೆ, ಆ ಕೆಲಸ ಮಾಡಿಸುವುದು ಪಿಡಿಎಫ್ ಸಂಸ್ಕರಿಸುವ ಘೋಸ್ಟ್‌ಸ್ಕ್ರಿಪ್ಟ್ ತಂತ್ರಾಂಶದ ಕೈಯಲ್ಲೇ. ನೇರವಾಗಿ ಘೋಸ್ಟ್‌ಸ್ಕ್ರಿಪ್ಟ್ ಓಡಿಸುವವರು ಇಲ್ಲಿ ಎಡವುತ್ತಾರೆ. ಎಲ್ಲ ಫಾಂಟ್ ತುಂಬು ಅಂತ ಹೇಳಿದರೂ ಅದರ ಹತ್ತಿರ "ಎಂದೂ ತುಂಬಬೇಡ" ಅನ್ನುವ ಇನ್ನೊಂದು ಪಟ್ಟಿ ಇರುತ್ತದೆ, ಅದರಲ್ಲಿ ಇದೇ 14 ಫಾಂಟುಗಳು ಇರುತ್ತವೆ. ಪಿಡಿಎಫ್‌ಸೆಟ್ಟಿಂಗ್ಸ್ ಅನ್ನುವ ಆಯ್ಕೆಯನ್ನು ಪ್ರೀಪ್ರೆಸ್‌ಗೆ ಇಟ್ಟರೆ ಆ ಪಟ್ಟಿ ಖಾಲಿಯಾಗುತ್ತದೆ. ಮುಗಿದ ಮೇಲೆ ಮತ್ತೆ ಪಿಡಿಎಫ್‌ಫಾಂಟ್ಸ್ ಓಡಿಸಿ, ಎಲ್ಲ ಸಾಲಿನಲ್ಲೂ "ಯೆಸ್" ಬಂದಿದೆಯೇ ನೋಡಿ.

ಗ್ರಾಫನ್ನು, ಪ್ರಬಂಧ ಬರೆಯಲು ಬಳಸುವ ಲೇಟೆಕ್‌ನ ದಾಖಲೆಯೊಳಗೆ ಸೇರಿಸಿದರೆ ಅದೇ ಸರಿಮಾಡುತ್ತದೆ ಅಂತ ನಂಬಿದವರು ತುಂಬಾ ಜನ. ಲೇಟೆಕ್‌ನಿಂದ ಪಿಡಿಎಫ್ ಮಾಡುವ ಪಿಡಿಎಫ್‌ಲೇಟೆಕ್ ಹಾಗೆ ಮಾಡುವುದಿಲ್ಲ. ಚಿತ್ರದ ಫೈಲಿನಲ್ಲಿ ಇಲ್ಲದ ಫಾಂಟ್ ಪ್ರಬಂಧದಲ್ಲೂ ಇರುವುದಿಲ್ಲ. ದಾಖಲೆಗಳನ್ನು ದೀರ್ಘಕಾಲ ಕಾಪಿಡಲು 2005ರಲ್ಲಿ ಬಂದ ಪಿಡಿಎಫ್/ಎ ಮಾನದಂಡ ಎಲ್ಲ ಫಾಂಟೂ ಒಳಗಿರಲೇಬೇಕು ಅನ್ನುತ್ತದೆ. ಪ್ರಬಂಧ ಸಲ್ಲಿಸುವ ದಿನ ಫೈಲು ವಾಪಸ್ ಬರುವುದು ಎಷ್ಟೋ ಸಲ ಇಂಥ ಒಂದು ಪುಟ್ಟ ಗ್ರಾಫಿನಿಂದ.

ಇದಕ್ಕಿಂತ ಬೇರೆಯದೊಂದು ತೊಂದರೆ ಇದೆ, ನೋಡಲು ಮಾತ್ರ ಹೀಗೇ. ಫಾಂಟ್ ಒಳಗೇ ಇದೆ, ಆದರೆ ಅದರಲ್ಲಿ ಆ ಚಿಹ್ನೆಯೇ ಇಲ್ಲ. ಪೈಥಾನ್ ಭಾಷೆಯ ಗ್ರಾಫ್ ಲೈಬ್ರರಿ ಮ್ಯಾಟ್‌ಪ್ಲಾಟ್‌ಲಿಬ್ "ಗ್ಲಿಫ್ (ಅಕ್ಷರದ ಆಕಾರ) 8722 ಇಲ್ಲ" ಅಂತ ಎಚ್ಚರಿಸಿದರೆ ಅದು ಋಣ ಚಿಹ್ನೆ. ಅಕ್ಷದ ಋಣ ಸಂಖ್ಯೆಗಳ ಮುಂದೆ ಚೌಕಟ್ಟು ಬರುತ್ತದೆ. ಯೂನಿಕೋಡ್ ಮೈನಸ್ ಆಯ್ಕೆಯನ್ನು ಫಾಲ್ಸ್ ಮಾಡಿದರೆ ಮಾಮೂಲಿ ಅಡ್ಡಗೆರೆ ಬಳಸುತ್ತದೆ. ಇಲ್ಲವೇ ಅದರ ಜೊತೆಗೇ ಬರುವ ಡೆಜಾವು ಸಾನ್ಸ್‌ಗೆ ಹಿಂತಿರುಗಿ. 2022ರ 3.6ನೇ ಆವೃತ್ತಿಯಿಂದ ಫಾಂಟುಗಳ ಪಟ್ಟಿಯನ್ನೇ ಕೊಡಬಹುದು, ಒಂದರಲ್ಲಿ ಇಲ್ಲದ ಅಕ್ಷರವನ್ನು ಮುಂದಿನದರಲ್ಲಿ ಹುಡುಕುತ್ತದೆ. ಆರ್‌ನ ಹಳೇ ಆವೃತ್ತಿಗಳ ಮಾಮೂಲಿ ಪಿಡಿಎಫ್ ಸಾಧನದಲ್ಲಿ ಯೂನಿಕೋಡ್ ಆಲ್ಫಾ ನೇರವಾಗಿ ಟೈಪ್ ಮಾಡಿದರೆ ಪೂರ್ಣವಿರಾಮದಂಥ ಎರಡು ಚುಕ್ಕಿ ಬರುತ್ತವೆ, ಯಾಕೆಂದರೆ ಯೂನಿಕೋಡ್ ಅಕ್ಷರಗಳನ್ನು ಉಳಿಸುವ ಯುಟಿಎಫ್-8 ವಿಧಾನದಲ್ಲಿ ಆಲ್ಫಾ ಎರಡು ಬೈಟು. "ಕಡಿಮೆ ಅಥವಾ ಸಮ" ಚಿಹ್ನೆಗೆ ಮೂರು ಚುಕ್ಕಿ. ಚುಕ್ಕಿಗಳ ಸಾಲು ಕಂಡರೆ ಅದು ಫಾಂಟಿನದಲ್ಲ, ಎನ್‌ಕೋಡಿಂಗಿನ ಗುರುತು. ಕೈರೋಗೆ ಹೋದರೆ ಇದೂ ಹೋಗುತ್ತದೆ. ಒಂದು ಚಿಹ್ನೆ ನಿಮ್ಮ ಯಾವ ಫಾಂಟಿನಲ್ಲಿದೆ ಅಂತ ತಿಳಿಯಲು ಎಫ್‌ಸಿ-ಲಿಸ್ಟ್ ಕಮ್ಯಾಂಡಿಗೆ ಕ್ಯಾರ್‌ಸೆಟ್ ಅಂತ ಹೇಳಿ ಆ ಚಿಹ್ನೆಯ ಯೂನಿಕೋಡ್ ಸಂಖ್ಯೆ ಕೊಡಿ. "ಕಡಿಮೆ ಅಥವಾ ಸಮ"ಕ್ಕೆ 2264. ಕಂಟೇನರ್ (ಯಂತ್ರದೊಳಗೇ ಬೇರೆಯಾಗಿ ಓಡುವ ಪುಟ್ಟ ವ್ಯವಸ್ಥೆ) ಒಳಗೆ ಗ್ರಾಫ್ ಮಾಡುವವರು ಇದನ್ನು ಕಂಟೇನರ್ ಒಳಗೇ ಓಡಿಸಬೇಕು. ಎಷ್ಟೋ ಸಲ ಅಲ್ಲಿ ಒಂದೂ ಫಾಂಟ್ ಇರುವುದಿಲ್ಲ.

ಆ ಅಕ್ಷದ ಹೆಸರಿಗೆ ಮರಳಿ ಬರುತ್ತೇನೆ. ಯೂನಿಕೋಡ್‌ನಲ್ಲಿ ಮೈಕ್ರೋಗೆ ಎರಡು ಸಂಕೇತಗಳಿವೆ. ಒಂದು ಗ್ರೀಕ್ ಮ್ಯೂ. ಇನ್ನೊಂದು ಮೈಕ್ರೋ ಅಂತಲೇ ಇರುವ ಪ್ರತ್ಯೇಕ ಚಿಹ್ನೆ, ಇದು ಹಳೇ ಲ್ಯಾಟಿನ್-1 ಪಟ್ಟಿಯಲ್ಲೇ ಇದೆ. ಡಿಗ್ರಿ, ಪ್ಲಸ್-ಮೈನಸ್, ಮೇಲೆ ಬರೆಯುವ 2 ಕೂಡ ಅದೇ ಪಟ್ಟಿಯಲ್ಲಿವೆ. ಇವನ್ನು ಸಾದಾ ಪಠ್ಯವಾಗಿ ಬರೆದರೆ ಸಿಂಬಲ್ ಫಾಂಟಿನ ಹಂಗೇ ಬೇಡ, ಹೆಲ್ವೆಟಿಕಾದಂಥ ಮಾಮೂಲಿ ಫಾಂಟಿನಲ್ಲೇ ಸಿಗುತ್ತವೆ. ವಿದ್ಯಾರ್ಥಿನಿ ಗಣಿತದ ಅಭಿವ್ಯಕ್ತಿ ತೆಗೆದು ಆ ಮೈಕ್ರೋ ಚಿಹ್ನೆ ಹಾಕಿದರು, ಸಾಧನವನ್ನು ಕೈರೋಗೆ ಬದಲಿಸಿದರು. ಫೈಲು ಮತ್ತೆ ಹುಟ್ಟಿತು, ಎವಿನ್ಸ್‌ನಲ್ಲೇ ತೆರೆದೆವು. ಚುಕ್ಕೆಗಳು ಬಂದಿದ್ದವು, ಅಕ್ಷದ ಮೇಲೆ ಮೈಕ್ರೋಗ್ರಾಂ ಇತ್ತು. ಅವರು ಚುಕ್ಕೆಗಳನ್ನು ಹೆಚ್ಚು ಹೊತ್ತು ನೋಡಲಿಲ್ಲ. "ಸರ್, ಹಿಂದಿನ ವರದಿಗೆ ಕಳಿಸಿದ ಗ್ರಾಫುಗಳು?" ಅಂದರು. ಆ ಫೋಲ್ಡರಿನ ಒಂದೊಂದು ಪಿಡಿಎಫ್‌ಗೂ ಪಿಡಿಎಫ್‌ಫಾಂಟ್ಸ್ ಓಡಿಸಿ, ಎಂಬ್ ಕಾಲಮ್ಮಿನಲ್ಲಿ "ನೋ" ಇರುವ ಫೈಲುಗಳ ಹೆಸರನ್ನು ಒಂದು ಕಾಗದದ ಮೇಲೆ ಬರೆಯುತ್ತಾ ಕೂತೆವು.