ಮೆಣಸಿನ ರಾಣಿಯ ಅಚ್ಚುಚಿತ್ರ ಯಾಕಿಲ್ಲ?

ಪ್ರಶ್ನೆ: ಯುರೋಪಿನ ಹಳೇ ರಾಜರ ಗೆರೆಗೆರೆಯ ಅಚ್ಚುಚಿತ್ರಗಳು ಬೇಕಾದಷ್ಟು ಸಿಗುತ್ತವೆ. ನಮ್ಮ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯದ್ದು ಯಾಕೆ ಸಿಗುವುದಿಲ್ಲ?
– ಹೊನ್ನಾವರದ ಓದುಗರೊಬ್ಬರು

ಉತ್ತರ: ಆಗ ಇಲ್ಲಿ ಅಚ್ಚಿನ ಯಂತ್ರ ಇರಲಿಲ್ಲ ಅಂತ ಸುಮ್ನೆ ಹೇಳಿಬಿಡಬಹುದು. ಆದರೆ ಕಾರವಾರ ದಾಟಿದರೆ ಸಿಗುವ ಗೋವಾದಲ್ಲಿ 1556ರಲ್ಲೇ ಅಚ್ಚುಕೂಟ ಶುರುವಾಗಿತ್ತು. ಪೋರ್ಚುಗೀಸರು 'ಮೆಣಸಿನ ರಾಣಿ' ಎಂದು ಕರೆದ ಚೆನ್ನಭೈರಾದೇವಿಯ ಕಾಲವೂ ಅದೇ. ಅಲ್ಲಿ ಅಚ್ಚಾದದ್ದು ಹೆಚ್ಚಾಗಿ ಪಾದ್ರಿಗಳ ಧರ್ಮಪುಸ್ತಕ. ಯಂತ್ರ ಇತ್ತು, ರಾಣಿಯ ಚಿತ್ರಕ್ಕೆ ಗಿರಾಕಿ ಇರಲಿಲ್ಲ.

ಗಿರಾಕಿ ಎಂಥವರು ಅಂತ ತಿಳಿಯಲು ಫ್ರಾನ್ಸಿನ ಹದಿನಾಲ್ಕನೇ ಲೂಯಿಯ ಆಸ್ಥಾನ ನೋಡಬೇಕು. ರೋಬೆರ್ ನಾಂತೆಯ್ ಎಂಬ ಕಲಾವಿದ ರಾಜನನ್ನು ಎದುರಿಗೇ ನೋಡಿ ಮುಖ ಬರೆದುಕೊಂಡು, ಆಮೇಲೆ ತಾಮ್ರದ ತಗಡಿನ ಮೇಲೆ ಚೂಪು ಉಳಿಯಿಂದ ಕೊರೆಯುತ್ತಿದ್ದ. ಗೆರೆಯೊಳಗೆ ಶಾಯಿ ತುಂಬಿ, ಮೇಲೆ ಉಳಿದದ್ದನ್ನು ಒರೆಸಿ, ಒದ್ದೆ ಕಾಗದ ಹಾಸಿ ರೋಲರ್ ನಡುವೆ ಒತ್ತಿ ತೆಗೆಯಬೇಕು. ಅಂಚು ಕತ್ತರಿಸದ ಅಸಲಿ ಪ್ರತಿ ಸಿಕ್ಕಿದರೆ ಬೆರಳಾಡಿಸಿ ನೋಡಿ, ಚಿತ್ರದ ಸುತ್ತ ತಗಡು ಒತ್ತಿದ ತಗ್ಗು ತಾಗುತ್ತದೆ. ಒತ್ತಿ ಒತ್ತಿ ತಗಡು ಸವೆಯುತ್ತದೆ. ಹಾಗಾಗಿ ಮೊದಲು ತೆಗೆದ ಪ್ರತಿಗಳಿಗೇ ಬೆಲೆ ಜಾಸ್ತಿ.

ಅಲ್ಲಿನ ಶ್ರೀಮಂತರ ಮನೆ ಹುಡುಗರು ಕಾಲೇಜಿನಲ್ಲಿ ಪ್ರಬಂಧ ಮಂಡಿಸುವಾಗ ರಾಜನ ಮುಖವಿರುವ ದೊಡ್ಡ ಹಾಳೆ ಅಚ್ಚು ಹಾಕಿಸಿ, ಬಂದ ದೊಡ್ಡವರಿಗೆ ಹಂಚುತ್ತಿದ್ದರು. ನಮ್ಮಲ್ಲಿ ಫ್ಲೆಕ್ಸಿನ ಮೇಲೆ ಶಾಸಕರ ಫೋಟೋ ಹಾಕಿಸುತ್ತಾರಲ್ಲ, ಹಾಗೆ. ಪ್ರಬಂಧ ಎಷ್ಟು ಜನ ಓದಿದರೋ, ದೇವರೇ ಬಲ್ಲ!

ಗೇರುಸೊಪ್ಪೆಯಲ್ಲಿ ದೊಡ್ಡಸ್ತಿಕೆ ತೋರಿಸುವ ದಾರಿ ಬೇರೆ. ಬಸದಿ ಕಟ್ಟಿಸಬೇಕು, ದತ್ತಿ ಬಿಡಬೇಕು, ಶಾಸನ ಹಾಕಿಸಬೇಕು. ಕಲ್ಲಿನ ಮೇಲೆ ಹೆಸರಿದ್ದರೆ ಸಾಕಿತ್ತು. ಪೋರ್ಚುಗೀಸರಿಗಂತೂ ಬೇಕಾದದ್ದು ಮೆಣಸು, ರಾಣಿಯ ಮುಖ ಕಟ್ಟಿಕೊಂಡು ಅವರಿಗೇನು? ಈಗ ನಾವು ನೋಡುವ ಆಕೆಯ ಚಿತ್ರಗಳೆಲ್ಲ ಈಚಿನ ಕಲಾವಿದರ ಕಲ್ಪನೆ.

ಅಚ್ಚುಚಿತ್ರ ಇದ್ದಿದ್ದರೆ ನಿಜವಾದ ಮುಖ ಸಿಗುತ್ತಿತ್ತು ಅಂತಲೂ ಇಲ್ಲ. ಪಿಯರ್ ಲೊಂಬಾರ್ ಎಂಬ ಫ್ರೆಂಚ್ ಕಲಾವಿದ ಕೊರೆದ ಒಂದು ತಗಡಿನಲ್ಲಿ ಕುದುರೆ ಸವಾರನಿದ್ದಾನೆ. ಕುದುರೆ ಅದೇ, ಮೈ ಅದೇ. ಗಾಳಿ ಬಂದ ಕಡೆಗೆ ತಲೆ ಮಾತ್ರ ಕೆರೆದು ಬದಲಾಯಿಸಿದ್ದಾರೆ. ಒಮ್ಮೆ ಇಂಗ್ಲೆಂಡಿನ ರಾಜನ ವಿರುದ್ಧ ಯುದ್ಧ ಮಾಡಿದ ಸೇನಾನಿ ಕ್ರಾಮ್‌ವೆಲ್, ಒಮ್ಮೆ ಲೂಯಿ, ಇನ್ನೊಮ್ಮೆ ಇಂಗ್ಲೆಂಡಿನ ಒಂದನೇ ಚಾರ್ಲ್ಸ್. ಆ ಚಾರ್ಲ್ಸನ ನಿಜವಾದ ತಲೆಯನ್ನು 1649ರಲ್ಲಿ ತೆಗೆಸಿದ್ದು ಕ್ರಾಮ್‌ವೆಲ್ಲನ ಕಡೆಯವರೇ.