ಪಕ್ಕದ ಬಾವಿಯೂ ತುಂಬಿದರೆ ಲೆಕ್ಕ ಹೇಗೆ?

ಉಡುಪಿ ಕಡೆ ಮಳೆ ಬಿಟ್ಟು ತೋಡಿನ (ಹಳ್ಳದ) ನೀರು ಇಳಿಯತೊಡಗಿದರೆ ಕಿಂಡಿ ಅಣೆಕಟ್ಟಿಗೆ ಹಲಗೆ ಬೀಳುತ್ತದೆ, ನೀರು ನಿಲ್ಲುತ್ತದೆ. ನಮ್ಮೂರಲ್ಲಿ ಒಬ್ಬರು ಅದರ ಲಾಭ ಅಳೆಯಲು ಏಪ್ರಿಲ್‌ನಲ್ಲಿ ಹಗ್ಗಕ್ಕೆ ಗಂಟು ಹಾಕಿ ಹೊರಟರು. ಅಣೆಕಟ್ಟಿನ ಪಕ್ಕದ ಬಾವಿಯಲ್ಲಿ ಎಂಟು ಗಂಟು ನೀರು. ಹೋಲಿಸಲು ಆರಿಸಿದ ಆಚೆಮನೆ ಬಾವಿಯಲ್ಲಿ ಏಳು. ‘ಇಷ್ಟೇನಾ?’ ಅಂದರು. ಹಲಗೆ ಹಾಕದ ಕಾಲದಲ್ಲಿ ಎರಡೂ ಬಾವಿಗಳಲ್ಲಿ ಕೊಡಪಾನ ತಳಕ್ಕೆ ತಾಗುತ್ತಿತ್ತು! ನಮ್ಮ ನೆಲದಡಿಯ ಮುರಕಲ್ಲಿನ ತುಂಬಾ ತೂತು, ನೀರು ಅದರೊಳಗೇ ಹರಿಯುತ್ತದೆ. ಆಚೆಮನೆಯ ಬಾವಿಯೂ ಅಣೆಕಟ್ಟಿನ ನೀರನ್ನೇ ಕುಡಿದಿತ್ತು.

ಯೋಜನೆ ಸಿಕ್ಕವರಿಂದ ಸಿಗದವರನ್ನು ಕಳೆದರೆ ಲಾಭ ಗೊತ್ತಾಯ್ತು ಅನ್ನುವವರನ್ನು ಕಂಡರೆ ನನಗೆ ಸಿಟ್ಟು. ಬಂಗುಡೆ ಹುರಿದ ಮನೆಯಲ್ಲಿ ಮಾತ್ರ ವಾಸನೆ ಬರುತ್ತದಾ?

ಶಾಲೆಯಲ್ಲಿ ಕೊಡುವ ಜಂತುಹುಳು ಮಾತ್ರೆ ನೋಡಿ. ಹುಳುವಿನ ಮೊಟ್ಟೆ ಮಲದಿಂದ ಮಣ್ಣಿಗೆ, ಮಣ್ಣಿನಿಂದ ಇನ್ನೊಂದು ಮಗುವಿಗೆ. ಒಬ್ಬ ಮಾತ್ರೆ ನುಂಗಿದರೆ ಅಂಗಳದಲ್ಲಿ ಮೊಟ್ಟೆ ಕಡಿಮೆ. ನುಂಗದ ಗೆಳೆಯನಿಗೂ ಲಾಭ. ಹಾಗಾಗಿ ಅರ್ಧ ತರಗತಿಗೆ ಕೊಟ್ಟು ಇನ್ನರ್ಧದ ಜೊತೆ ಹೋಲಿಸಿದರೆ ಒಳ್ಳೇ ಮಾತ್ರೆಯೂ ಸುಮ್ನೆ ಸೋತಂತೆ ಕಾಣುತ್ತದೆ. ಅರ್ಥಶಾಸ್ತ್ರಜ್ಞರಾದ ಮೈಕೆಲ್ ಕ್ರೆಮರ್, ಎಡ್ವರ್ಡ್ ಮಿಗೆಲ್ ಈ ಗಂಟು ಬಿಡಿಸಿದರು. 1998ರಲ್ಲಿ ಪಶ್ಚಿಮ ಕೀನ್ಯಾದಲ್ಲಿ ಶುರುವಾದ ಯೋಜನೆ. 75 ಶಾಲೆ. ಮಕ್ಕಳನ್ನಲ್ಲ, ಶಾಲೆಗಳನ್ನೇ ಗುಂಪು ಮಾಡಿ ಸರದಿಯಂತೆ ಮಾತ್ರೆ ಕೊಟ್ಟರು. ಸರದಿ ಬಾರದ ಶಾಲೆಗಳ ಜೊತೆ ಹೋಲಿಸಿದರೆ ಮಾತ್ರೆ ಸಿಕ್ಕ ಶಾಲೆಗಳಲ್ಲಿ ಗೈರುಹಾಜರಿ ಸುಮಾರು ಕಾಲುಭಾಗ ಇಳಿಯಿತು. ಆ ಶಾಲೆಗಳಲ್ಲಿ ಮಾತ್ರೆ ನುಂಗದ ಮಕ್ಕಳಲ್ಲೂ ಹುಳು ಕಡಿಮೆಯಾಯಿತು. ಕ್ರೆಮರ್‌ಗೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು, ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಜೊತೆ.

ಪಕ್ಕದವರಿಗೆ ಹೀಗೆ ಆಗುವ ಸೋರಿಕೆ ಉಲ್ಟಾನೂ ಇರುತ್ತದೆ, ಲಾಭದ ಬದಲು ನಷ್ಟ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ನಿಲ್ದಾಣದಲ್ಲಿ ಸೀಟು ಹಿಡಿಯಲು ಬಸ್ಸಿನ ಕಿಟಕಿಯಿಂದ ಟವೆಲ್ ಹಾಕೋದು ಹೇಗೆ ಅಂತ ನಾಲ್ವರಿಗೆ ಕಲಿಸಿ. ನಾಲ್ವರಿಗೂ ಸೀಟು, ತರಬೇತಿ ಭರ್ಜರಿ! ಆದರೆ ಸೀಟು ಜಾಸ್ತಿ ಆಗಿಲ್ವಲ್ಲ, ಬೇರೆ ನಾಲ್ವರು ನಿಂತರು. ಫ್ರಾನ್ಸ್‌ನಲ್ಲಿ ನಿರುದ್ಯೋಗಿ ಯುವಕರಿಗೆ ಕೆಲಸ ಹುಡುಕಿಕೊಡುವ ಯೋಜನೆಯಲ್ಲಿ ಇದನ್ನೇ ಹಿಡಿಯಲು 235 ಊರುಗಳಲ್ಲಿ ಚೀಟಿ ಎತ್ತಿದರು. ಒಂದೂರಲ್ಲಿ ಯಾರಿಗೂ ಇಲ್ಲ, ಇನ್ನೊಂದರಲ್ಲಿ ಕಾಲುಭಾಗಕ್ಕೆ, ಮತ್ತೊಂದರಲ್ಲಿ ಅರ್ಧಕ್ಕೆ, ಹೀಗೆ ಎಲ್ಲರಿಗೂ ಕೊಡುವ ಊರಿನ ತನಕ. ಸಿಕ್ಕವರ ಗಳಿಕೆಯಲ್ಲಿ ಒಂದು ಪಾಲು ಸಿಗದವರ ಕೈಯಿಂದ ಜಾರಿದ್ದು ಅಂತ ಗೊತ್ತಾಯಿತು.

ಆದರೆ ಬಂಗುಡೆಯ ವಾಸನೆ ಎಷ್ಟು ದೂರ ಹೋಗುತ್ತದೆ? ಕೀನ್ಯಾದ ಅಂಕಿಗಳನ್ನು 2015ರಲ್ಲಿ ಬೇರೆಯವರು ಮತ್ತೆ ಕೂಡಿ ನೋಡಿದಾಗ ದೂರದ ಶಾಲೆಗಳಿಗೂ ಲಾಭ ಮುಟ್ಟಿತು ಅನ್ನುವ ಲೆಕ್ಕದಲ್ಲೇ ತಪ್ಪು ಸಿಕ್ಕಿತು. ನಮ್ಮ ಹಗ್ಗದವರು ಈಗ ತೋಡಿನಿಂದ ದೂರ ದೂರದ ಬಾವಿಗಳ ಪಟ್ಟಿ ಮಾಡುತ್ತಿದ್ದಾರೆ. ಗುಡ್ಡೆಯಾಚೆಗಿನದೂ ಅದರಲ್ಲಿದೆ.